ಕಡಲಿಗೆ ಹೆಪ್ಪು

ಅರವತ್ತೈದು ಲೀಟರಿನ ಗಾಜಿನ ತೊಟ್ಟಿ. ಒಳಗೆ ಬಿಳಿ ಮರಳು, ಅದರ ಮೇಲೆ ಒಂದಕ್ಕೊಂದು ಒರಗಿಸಿಟ್ಟ ನಾಲ್ಕಾರು ಬಿಳಿಚಿದ ಕಲ್ಲು, ಮೂಲೆಯಲ್ಲಿ ಗುಂಯ್‌ಗುಡುವ ಪಂಪು. ನೀರು ಕನ್ನಡಿಯಷ್ಟು ತಿಳಿ. ಮರಳಿನ ಮೇಲೆ ಮೀನು ಮಾರುಕಟ್ಟೆಯಿಂದ ತಂದ ಒಂದೇ ಒಂದು ಸತ್ತ ಸಿಗಡಿ ಬಿದ್ದಿದೆ. ಮೂರು ದಿನದಿಂದ ಹಾಗೇ ಇದೆ. ಅಂಚು ಕರಗಿ, ಸುತ್ತ ಬೂದುಬಣ್ಣದ ನವಿರಾದ ಎಳೆಗಳು ಕಟ್ಟಿವೆ. ಮನೆಗೆ ಬಂದವರೆಲ್ಲ ಬಗ್ಗಿ ನೋಡಿ "ಮೀನೆಲ್ಲಿ?" ಎಂದು ಕೇಳುತ್ತಾರೆ. ಮೀನು ಬರಲು ಇನ್ನೂ ಒಂದೂವರೆ ತಿಂಗಳಿದೆ. ಸದ್ಯಕ್ಕೆ ಆ ಮನೆಯವರು ಸಾಕುತ್ತಿರುವುದು ಸಿಗಡಿಯನ್ನು ಕೊಳೆಸುವವರನ್ನು, ಮತ್ತು ಆ ಕೊಳೆಯನ್ನು ಉಂಡು ಬದುಕುವವರನ್ನು. ಅವರು ಯಾರೂ ಕಣ್ಣಿಗೆ ಕಾಣುವವರಲ್ಲ.

ಕಾಣುವುದು ಪರೀಕ್ಷಾ ನಳಿಕೆಯ ಬಣ್ಣ ಮಾತ್ರ. ಐದು ಮಿಲಿಲೀಟರ್ ನೀರು ತುಂಬಿ, ಎರಡು ಬಾಟಲಿಗಳಿಂದ ಹನಿ ಲೆಕ್ಕ ಹಾಕಿ ಬಿಟ್ಟು, ಮುಚ್ಚಿ ಕುಲುಕಿ ಐದು ನಿಮಿಷ ಕಾಯಬೇಕು. ಮೊದಲ ದಿನ ನಿಂಬೆಹಣ್ಣಿನ ಹಳದಿ. ನಾಲ್ಕನೆಯ ದಿನಕ್ಕೆ ಬಾಳೆಯ ಸುಳಿಯ ತಿಳಿಹಸಿರು. ವಾರ ಕಳೆಯುವುದರೊಳಗೆ ಗಾಢ ಹಸಿರು. ನೀರಿನಲ್ಲಿ ಅಮೋನಿಯಾ ಏರುತ್ತಿದೆ ಎಂದು ಇದರ ಅರ್ಥ. ಈ ಹೊತ್ತಿನಲ್ಲಿ ಮೀನು ಬಿಟ್ಟರೆ ಕಿವಿರು ಸುಟ್ಟು ಸಾಯುತ್ತದೆ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಅಪಾಯ ಹೆಚ್ಚು. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ. ಒಂದು ಹೆಚ್ಚುಕಡಿಮೆ ನಿರುಪದ್ರವಿ, ಇನ್ನೊಂದು ವಿಷ. ಪಿಎಚ್ 7 ಇರುವ ಕೆರೆನೀರಿನಲ್ಲಿ ವಿಷರೂಪದ ಪಾಲು ಶೇಕಡಾ ಒಂದೂ ಇರುವುದಿಲ್ಲ. ಪಿಎಚ್ 8.2 ಇರುವ ಕಡಲನೀರಿನಲ್ಲಿ ಆ ಪಾಲು ಹತ್ತು ಪಟ್ಟಿಗೂ ಮಿಗಿಲು.

ಆಮೇಲೊಂದು ದಿನ ಹಸಿರು ತೆಳುವಾಗತೊಡಗುತ್ತದೆ, ಪಕ್ಕದ ನಳಿಕೆ ನೇರಳೆಯಾಗುತ್ತದೆ. ಅಮೋನಿಯಾ ನೈಟ್ರೈಟ್ ಆಗುತ್ತಿದೆ. ನಾಲ್ಕರಿಂದ ಆರು ವಾರದೊಳಗೆ ಎರಡೂ ಬಣ್ಣ ಮಾಯವಾಗಿ ನೈಟ್ರೇಟ್ ಮಾತ್ರ ಉಳಿಯುತ್ತದೆ. ಹವ್ಯಾಸಿಗಳ ಮಾತಿನಲ್ಲಿ ಇದಕ್ಕೆ 'ಸೈಕಲ್ ಆಯಿತು' ಎನ್ನುತ್ತಾರೆ.

ಈ ಆಟವನ್ನು ಮೊದಲು ಲೆಕ್ಕವಿಟ್ಟು ನೋಡಿದವರಿಗೆ ಮೀನು ಸಾಕುವ ಆಸೆಯೇನೂ ಇರಲಿಲ್ಲ. ಅವರ ಮುಂದಿದ್ದದ್ದು ಪ್ಯಾರಿಸ್ಸಿನ ಚರಂಡಿ ನೀರು. 1877ರಲ್ಲಿ ಥಿಯೋಫಿಲ್ ಶ್ಲೋಸಿಂಗ್ ಮತ್ತು ಅಶಿಲ್ ಮ್ಯೂಂಟ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಉದ್ದನೆಯ ಗಾಜಿನ ಕೊಳವೆಯಲ್ಲಿ ಕಾಯಿಸಿದ ಮರಳು, ಅದಕ್ಕಿಷ್ಟು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಹಾಗೇ ಕೆಳಗೆ ಬಂತು. ಇಪ್ಪತ್ತು ದಿನ ಕಳೆದ ಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ದಿನೇ ದಿನೇ ಹೆಚ್ಚಿತು, ಕೊನೆಗೆ ಅಮೋನಿಯಾವೇ ಇಲ್ಲವಾಯಿತು. ಕೊಳವೆಗೆ ಕ್ಲೋರೋಫಾರ್ಮ್ ಹಬೆ ಹಾಯಿಸಿದಾಗ ಎಲ್ಲವೂ ನಿಂತಿತು. ಒಂದಿಷ್ಟು ಮಣ್ಣು ಕದಡಿದ ನೀರು ಹಾಕಿದಾಗ ಮತ್ತೆ ಶುರುವಾಯಿತು. ರಾಸಾಯನಿಕ ಕ್ರಿಯೆಗೆ ಕ್ಲೋರೋಫಾರ್ಮಿನ ಮಂಪರು ಹತ್ತುವುದಿಲ್ಲ. ಮರಳಿನಲ್ಲಿ ಏನೋ ಜೀವವಿದೆ ಎಂದು ಅವರು ತೀರ್ಮಾನಿಸಿದರು. ಇಂದು ಹೊಸ ತೊಟ್ಟಿ ಇಟ್ಟವರೆಲ್ಲ ಗೊತ್ತಿಲ್ಲದೆಯೇ ಆ ಪ್ಯಾರಿಸ್ ಕೊಳವೆಯನ್ನೇ ಮತ್ತೆ ಕಟ್ಟುತ್ತಿದ್ದಾರೆ. ಇಪ್ಪತ್ತು ದಿನದ ಆ ಮೌನವೂ ಹಾಗೇ ಇದೆ, ಸ್ವಲ್ಪ ಹಿಂದುಮುಂದು.

ಮೌನ ಯಾಕೆ ಅಷ್ಟು ದೀರ್ಘ? ಆ ಜೀವಿಗಳು ಬಡವರು. ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ಹೊಟ್ಟೆತುಂಬ ಉಂಡು ಇಪ್ಪತ್ತು ನಿಮಿಷಕ್ಕೆ ಎರಡಾಗಬಲ್ಲದು. ಅಮೋನಿಯಾವನ್ನು ಸುಟ್ಟು ಸಿಗುವ ಚೂರುಪಾರು ಶಕ್ತಿಯಲ್ಲಿ, ಇಂಗಾಲದ ಡೈ ಆಕ್ಸೈಡಿನಿಂದ ತನ್ನ ಮೈಯನ್ನು ತಾನೇ ಕಟ್ಟಿಕೊಳ್ಳಬೇಕಾದ ಬ್ಯಾಕ್ಟೀರಿಯಾಕ್ಕೆ ಎರಡಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. 1890ರಲ್ಲಿ ಜ್ಯೂರಿಕ್‌ನಲ್ಲಿದ್ದ ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಇವನ್ನು ಬೇರ್ಪಡಿಸಿ ತೋರಿಸುವವರೆಗೂ ಯಾರ ಕೈಗೂ ಸಿಕ್ಕಿರಲಿಲ್ಲ. ಪ್ರಯೋಗಾಲಯದವರು ಒಡ್ಡುತ್ತಿದ್ದ ಪುಷ್ಟಿಕರ ಊಟ ಇವಕ್ಕೆ ಬೇಕಿರಲಿಲ್ಲ.

ಕತೆ ಅಲ್ಲಿಗೆ ಮುಗಿಯಿತು ಎಂದು ಒಂದು ಶತಮಾನಕ್ಕೂ ಹೆಚ್ಚು ಕಾಲ ಎಲ್ಲರೂ ನಂಬಿದ್ದರು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲ ತೊಟ್ಟಿಯೊಂದರ ತಳದ ಜಲ್ಲಿಯಿಂದ ವಿಜ್ಞಾನಿಗಳು ಮೈಕ್ರೋಮೀಟರಿಗಿಂತ ಚಿಕ್ಕದಾದ ಕಡ್ಡಿಯಂಥ ಜೀವಿಯೊಂದನ್ನು ಬೇರ್ಪಡಿಸಿದರು. ನೈಟ್ರೊಸೊಪ್ಯುಮಿಲಸ್ ಮಾರಿಟಿಮಸ್ ಎಂದು ಅದರ ಹೆಸರು. ಅದು ಬ್ಯಾಕ್ಟೀರಿಯಾ ಆಗಿರಲಿಲ್ಲ. ಆರ್ಕಿಯಾ ಎಂಬ ಬೇರೆಯದೇ ವಂಶದ್ದು. ಅಮೋನಿಯಾ ತಿಂದು ಬದುಕುವ ಆರ್ಕಿಯಾ ಒಂದು ಹೀಗೆ ಕೈಗೆ ಸಿಕ್ಕಿದ್ದು ಅದೇ ಮೊದಲು. ಅದರ ಬಳಗದವರು ಸಾಗರದ ಸೂಕ್ಷ್ಮಜೀವಿಗಳಲ್ಲಿ ಸುಮಾರು ಐದನೇ ಒಂದು ಪಾಲು ಇದ್ದಾರೆ ಎಂಬ ಅಂದಾಜು 2001ರಲ್ಲೇ ಬಂದಿತ್ತು. ಅವರು ಅಲ್ಲಿ ಏನು ಉಂಡು ಬದುಕುತ್ತಾರೆ ಎಂಬುದೇ ತಿಳಿದಿರಲಿಲ್ಲ. ಮಹಾಸಾಗರಗಳ ಸಾರಜನಕ ಚಕ್ರವನ್ನು ತಿರುಗಿಸುವವರ ಪೈಕಿ ಒಬ್ಬರ ವಿಳಾಸ ಸಿಕ್ಕಿದ್ದು ಊರಿನ ಅಕ್ವೇರಿಯಂನಲ್ಲಿ!

ಇಷ್ಟೆಲ್ಲ ತಿಳಿಯದೆಯೇ ತೊಟ್ಟಿಯಲ್ಲಿ ಹವಳ ಬದುಕಿಸಿದವರೂ ಇದ್ದಾರೆ. 1846ರಲ್ಲಿ ಲಂಡನ್ನಿನ ಆ್ಯನಾ ಥೈನ್ ಎಂಬ ಪಾದ್ರಿಪತ್ನಿ ಟಾರ್ಕಿ ಕಡಲತೀರದಿಂದ ಒಂಟಿ ಬಟ್ಟಲಿನಂಥ ಪುಟ್ಟ ಹವಳಗಳನ್ನು ಮನೆಗೆ ತಂದರು. ದಾರಿಯಲ್ಲಿ ಉರುಳದಿರಲೆಂದು ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದರಂತೆ. ಆಗ ಕರೆಂಟಿಲ್ಲ, ಪಂಪಿಲ್ಲ. ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಎದುರು ನಿಂತು, ಹೋಟೆಲಿನವರು ಕಾಫಿ ಆರಿಸುವಂತೆ, ಕಡಲನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನಾ ಅರ್ಧ–ಮುಕ್ಕಾಲು ಗಂಟೆ ಎತ್ತಿ ಹೊಯ್ಯುತ್ತಿದ್ದಳು. ಮರುವರ್ಷ ಥೈನ್ ಕಡಲಪಾಚಿಯನ್ನೂ ತರಿಸಿ ಸೇರಿಸಿದರು. ಹವಳಗಳು ವರ್ಷಗಟ್ಟಲೆ ಬದುಕಿದವು, ಮರಿ ಹಾಕಿದವು. ಆ ಹುಡುಗಿಯ ಹೆಸರನ್ನು ಇತಿಹಾಸ ಬರೆದಿಟ್ಟುಕೊಂಡಿಲ್ಲ. ಇವತ್ತು ಕರೆಂಟು ಹೋದರೂ ಪಂಪು ನಿಲ್ಲದಂತೆ ಇನ್ವರ್ಟರಿಗೆ ತಂತಿ ಎಳೆಸುವವರೆಲ್ಲ ಮಾಡುತ್ತಿರುವುದು ಅವಳ ಕೆಲಸವನ್ನೇ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ 'ಅಕ್ವೇರಿಯಂ' ಎಂಬ ಪದವನ್ನು ಮನೆಮಾತು ಮಾಡಿತು. ಜನ ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ತೀರಕ್ಕೆ ಮುಗಿಬಿದ್ದರು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ಇದನ್ನು ಕಂಡು ನೊಂದು ಬರೆದವರು ಬೇರೆ ಯಾರೂ ಅಲ್ಲ, ಗಾಸ್ ಅವರ ಮಗ ಎಡ್ಮಂಡ್. ತಂದೆಯ ಪುಸ್ತಕವೇ ತಂದೆ ಪ್ರೀತಿಸಿದ ತೀರವನ್ನು ಹಾಳುಗೆಡವಿತು ಎಂಬ ಆ ಮಾತು 1907ರ ಅವರ ಆತ್ಮಕಥನದಲ್ಲಿದೆ.

ಹವಳದ ತೊಟ್ಟಿಯ ಈಗಿನ ರೂಪಕ್ಕೆ ಮೂಲ ಜಕಾರ್ತಾ. ಅಲ್ಲಿನ ಲೀ ಚಿನ್ ಎಂಗ್ ಎಂಬ ಹವ್ಯಾಸಿ 1961ರಲ್ಲಿ ಅಮೆರಿಕದ ಮೀನು ಸಾಕಣೆಯ ಪತ್ರಿಕೆಯೊಂದರಲ್ಲಿ ತನ್ನ ಗುಟ್ಟು ಬಿಚ್ಚಿಟ್ಟರು. ಫಿಲ್ಟರು, ಔಷಧಿ, ಶುದ್ಧೀಕರಣ ಯಾವುದೂ ಬೇಡ. ಹವಳದ ದಿಬ್ಬದಿಂದ ಹುಳುಹುಪ್ಪಟೆ, ಪಾಚಿ, ಸ್ಪಂಜು ಸಮೇತ ಕಲ್ಲು ತಂದಿಡಿ, ಗಾಳಿಗುಳ್ಳೆ ಬಿಡಿ, ಸಾಕು. ಮನೆಯಲ್ಲಿ ಅಮ್ಮಂದಿರು ಮಾಡುವುದೂ ಇದನ್ನೇ. ಹಾಲನ್ನು ಮೊಸರಾಗಿಸಲು ಯಾರೂ ಬ್ಯಾಕ್ಟೀರಿಯಾ ಹುಡುಕಿಕೊಂಡು ಹೋಗುವುದಿಲ್ಲ, ನಿನ್ನೆಯ ಮೊಸರಿನದೊಂದು ಚಮಚ ಹಾಕುತ್ತಾರೆ. ಲೀ ಚಿನ್ ಎಂಗ್ ಕಡಲಿಗೆ ಕಡಲಿನಿಂದಲೇ ಹೆಪ್ಪು ಹಾಕಿದ್ದರು. ಆ ಕಲ್ಲಿಗೆ ಆಮೇಲೆ 'ಲೈವ್ ರಾಕ್' ಎಂಬ ಹೆಸರು ಬಂತು. ಪಶ್ಚಿಮದ ಅಂಗಡಿಗಳಿಗೆ ಫಿಜಿ, ಇಂಡೋನೇಷ್ಯಾಗಳಿಂದ ಅದು ಪೆಟ್ಟಿಗೆಗಟ್ಟಲೆ ಹೋಯಿತು.

ಭಾರತದಲ್ಲಿ ಆ ಹೆಪ್ಪು ಸಿಗುವುದಿಲ್ಲ, ಸಿಗಲೂಬಾರದು. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲ್ಗುದುರೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿತು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ದಿಬ್ಬದ ಕಲ್ಲೆಂದರೆ ಬಹುಪಾಲು ಹವಳದ ಮೂಳೆಯೇ. ಕರ್ನಾಟಕದ ಪಾಲಿಗೆ ಹವಳವೆಂದರೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪದ ಸುತ್ತಲಿನ ನೀರು. ಬೇಸಿಗೆಯಲ್ಲಿ ಸ್ಕೂಬಾ ಮುಳುಗಿದವರು ಮೇಲೆ ಬರುವಾಗ ನೆನಪಿಗೆಂದು ಒಂದು ತುಂಡನ್ನು ಜೇಬಿಗಿಳಿಸಿದರೆ ಅದು ಹುಲಿಯುಗುರು ಜೇಬಿಗಿಳಿಸಿದಂತೆಯೇ.

ಹಾಗಾಗಿ ಇಲ್ಲಿನ ಹವ್ಯಾಸಿ ಜಕಾರ್ತಾದ ದಾರಿ ಬಿಟ್ಟು ಪ್ಯಾರಿಸ್ ಕೊಳವೆಯ ದಾರಿ ಹಿಡಿಯಬೇಕು. ಗಣಿಯಿಂದ ಬಂದ ರಂಧ್ರಮಯ ಸುಣ್ಣಕಲ್ಲೋ ಸುಟ್ಟ ಮಣ್ಣಿನ ಕೃತಕ ಕಲ್ಲೋ ತಂದು, ಬರಿಗೈಯಲ್ಲಿ ಶುರುಮಾಡಿ, ತಾಳ್ಮೆಯಿಂದ ಕಾಯಬೇಕು. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ. "ಇದನ್ನು ಸುರಿಯಿರಿ, ನಾಳೆಯೇ ಮೀನು ಬಿಡಿ" ಎನ್ನುವ ಅಂಗಡಿಯವರಿಗೂ ಕೊರತೆಯಿಲ್ಲ. ಬಾಟಲಿಗಳಲ್ಲಿ ಕೆಲವು ನಿಜಕ್ಕೂ ಅಮೋನಿಯಾದ ಹಂತವನ್ನು ಚುರುಕುಗೊಳಿಸುತ್ತವೆ. ಆದರೆ ಸೈಕಲ್ ಆಗುವುದೇ ಒಂದು, ತೊಟ್ಟಿ ಮಾಗುವುದೇ ಇನ್ನೊಂದು. ಬಾಟಲಿಗಿಂತ ಒಳ್ಳೆಯ ಹೆಪ್ಪು ಬೇರೊಬ್ಬರ ಹಳೆಯ ತೊಟ್ಟಿಯ ಒಂದು ಹಿಡಿ ಮರಳು, ಒಂದು ಚೂರು ಕಲ್ಲು. ನೆರೆಮನೆಯಿಂದ ಹೆಪ್ಪು ಕೇಳಿ ತರುವುದಕ್ಕೆ ನಾಚಿಕೆಯೇನು?

ನೀರಿನ ಮಾತು ಬೇಗ ಮುಗಿಸಬಹುದು. ಮಂಗಳೂರಿನವರು ತೀರದಿಂದ ಕೊಡ ತುಂಬಿ ತರುವ ಯೋಚನೆ ಮಾಡಿದರೆ, ಮಳೆಗಾಲದಲ್ಲಿ ನೇತ್ರಾವತಿ ಬಂದು ಸೇರುವ ಆ ನೀರಿನ ಉಪ್ಪಿಗೆ ಲೆಕ್ಕವಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬೇಡದ್ದೆಲ್ಲ ಇದೆ. ಅಡುಗೆಮನೆಯ ಆರ್‌ಒ ಯಂತ್ರಗಳು ಕುಡಿಯಲು ರುಚಿಯಾಗಲೆಂದು ಖನಿಜವನ್ನು ಮತ್ತೆ ಬೆರೆಸುವುದುಂಟು. ಬೇಕಿರುವುದು ಏನೂ ಇಲ್ಲದ ನೀರು. ಅದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಕಡಲಿನ ಎಲ್ಲ ಲವಣಗಳೂ ಇರುವ ಸಿದ್ಧ ಉಪ್ಪು. ಕಲ್ಲು ಮರಳಿನ ಜಾಗ ಕಳೆದು ನಮ್ಮ ತೊಟ್ಟಿಯಲ್ಲಿ ಉಳಿಯುವ 55 ಲೀಟರಿಗೆ ಸುಮಾರು ಎರಡು ಕಿಲೋ. ಅಡುಗೆ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು.

ಸಣ್ಣ ತೊಟ್ಟಿ ಸುಲಭ ಎಂಬುದು ಹೊಸಬರ ಮೊದಲ ತಪ್ಪು. ಏಪ್ರಿಲ್ ಬಿಸಿಲಿಗೆ ಫ್ಯಾನು ಹಾಕಿದ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆವಿಯಾಯಿತು ಎನ್ನೋಣ. ಆವಿಯಾಗುವುದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಮೂರು ದಿನ ಊರಿಗೆ ಹೋಗಿ ಬರುವುದರೊಳಗೆ ಲೀಟರಿಗೆ 35 ಗ್ರಾಂ ಇದ್ದದ್ದು 37 ಆಗಿರುತ್ತದೆ. ಸಾವಿರ ಲೀಟರಿನ ತೊಟ್ಟಿಗೆ ಇಂಥ ಮೂರು ಲೀಟರ್ ಲೆಕ್ಕಕ್ಕೇ ಬರುವುದಿಲ್ಲ. ಕಡಿಮೆಯಾದಷ್ಟು ಸಿಹಿನೀರನ್ನು ದಿನಾ ತುಂಬುವುದು ಈ ಹವ್ಯಾಸದ ಅತ್ಯಂತ ನೀರಸ ಕೆಲಸ. ತೊಟ್ಟಿಗಳು ಹಾಳಾಗುವುದು ಹೆಚ್ಚಾಗಿ ಅಲ್ಲಿಯೇ.

ಇನ್ನು ಪ್ರೊಟೀನ್ ಸ್ಕಿಮ್ಮರ್. ಹೆಸರು ದೊಡ್ಡದು, ತತ್ವ ಮಲ್ಪೆಯ ತೀರದಲ್ಲಿ ಆಷಾಢದಲ್ಲಿ ನಿಂತವರಿಗೆಲ್ಲ ಗೊತ್ತಿರುವುದೇ. ಅಲೆ ಅಪ್ಪಳಿಸಿದಾಗ ದಡಕ್ಕೆ ಬಂದು ಬೀಳುವ ಹಳದಿ ನೊರೆಯಲ್ಲಿ ಕಡಲಿನ ಸಾವಯವ ಕೊಳೆ ಇರುತ್ತದೆ. ಒಂದು ತುದಿ ನೀರನ್ನು ಬಯಸುವ, ಇನ್ನೊಂದು ತುದಿ ನೀರನ್ನು ದೂಡುವ ಅಣುಗಳು ಗಾಳಿಗುಳ್ಳೆಯ ಮೈಗೆ ಅಂಟಿ ಮೇಲೇರುತ್ತವೆ. ಸ್ಕಿಮ್ಮರ್ ಅದೇ ನೊರೆಯನ್ನು ಒಂದು ಬಟ್ಟಲಿಗೆ ಹಿಡಿಯುತ್ತದೆ. ವಾರಕ್ಕೊಮ್ಮೆ ಆ ಬಟ್ಟಲು ತೊಳೆಯುವವರಿಗೆ ಮೂಗು ಮುಚ್ಚಿಕೊಳ್ಳಲು ಮೂರನೆಯ ಕೈ ಬೇಕೆನಿಸುತ್ತದೆ.

ಎರಡನೆಯ ತಿಂಗಳಿನಿಂದ ತೊಟ್ಟಿಯ ಕೆಟ್ಟ ಕಾಲ ಶುರು. ಮೊದಲು ಬಿಳಿ ಮರಳಿನ ಮೇಲೆ ಕಾಫಿಪುಡಿ ಚೆಲ್ಲಿದಂಥ ಕಂದು ಧೂಳು. ಅದು ಡಯಾಟಮ್, ಗಾಜಿನ ಕವಚದ ಏಕಕೋಶ ಪಾಚಿ. ಹೊಸ ಮರಳು ಮತ್ತು ನೀರಿನಲ್ಲಿರುವ ಸಿಲಿಕೇಟ್ ತೀರುವವರೆಗೆ ಮೆರೆದು ತಾನಾಗಿಯೇ ಹೋಗುತ್ತದೆ. ಹಿಂದೆಯೇ ಗಡವನ ಗಡ್ಡದಂತೆ ಕಲ್ಲಿಗೆ ಹಸಿರು ಕೂದಲ ಪಾಚಿ. ಕೆಲವು ತೊಟ್ಟಿಗಳಲ್ಲಿ ಒಣಗಿದ ರಕ್ತದ ಬಣ್ಣದ ಚಾಪೆ ಹಾಸಿಕೊಳ್ಳುತ್ತದೆ. ತುದಿ ಹಿಡಿದೆಳೆದರೆ ಹಾಲಿನ ಕೆನೆಯಂತೆ ಇಡೀ ಹಾಳೆ ಎದ್ದು ಬರುತ್ತದೆ. ಅದು ಸಯನೋಬ್ಯಾಕ್ಟೀರಿಯಾ, ಭೂಮಿಗೆ ಆಮ್ಲಜನಕದ ಗಾಳಿ ಕೊಟ್ಟ ಪುರಾತನರ ಸಂತತಿ. ಎಲ್ಲಕ್ಕಿಂತ ಹಠಮಾರಿ ಡೈನೋಫ್ಲಾಜೆಲೇಟ್. ಕಂದುಬಣ್ಣದ ಲೋಳೆ, ಲೋಳೆಯ ತುದಿಯಲ್ಲಿ ಗಾಳಿಗುಳ್ಳೆ.

ಈ ಕಡೆಯದರಲ್ಲೊಂದು ವಿಚಿತ್ರವಿದೆ. ಕೊಳಕು ತೊಟ್ಟಿಗೆ ಬರುವ ರೋಗ ಅದಲ್ಲ, ಅತಿ ಚೊಕ್ಕಟ ತೊಟ್ಟಿಗೆ ಬರುವುದು. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗಿಳಿಸಿ ಬೀಗುತ್ತಿರುವವರ ಮನೆಗೆ, ಬೇರೆ ಯಾರಿಗೂ ಬದುಕಲಾಗದ ಆ ಬಂಜರಿಗೆ ಅದು ನುಗ್ಗುತ್ತದೆ. ಒಣ ಕಲ್ಲಿನಿಂದ ಶುರುಮಾಡಿದ ತೊಟ್ಟಿಗಳಲ್ಲಿ ಇದರ ಕಾಟ ಹೆಚ್ಚು. ಕಲ್ಲಿನ ಒಂದೊಂದು ಬೆರಳಗಲ ಜಾಗಕ್ಕೂ ಅಲ್ಲಿ ಜಗಳ ನಡೆಯುತ್ತಿರುತ್ತದೆ. ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಕೊಳವೆಹುಳು, ಜಿರಳೆಯ ಮೊಮ್ಮಕ್ಕಳಂತೆ ರಾತ್ರಿ ಹರಿದಾಡುವ ಕೋಪೆಪಾಡ್ – ಇವರೆಲ್ಲ ಬಂದು ಜಾಗ ಹಿಡಿಯುವವರೆಗೆ ಖಾಲಿ ಸೈಟಿಗೆ ಬೇಲಿ ಹಾಕಲು ಪುಂಡರೇ ಮುಂದು. ಬಹಳ ಮಂದಿ ತೊಟ್ಟಿಯನ್ನು ಮಾರಾಟಕ್ಕಿಡುವುದು ಈ ಮೂರ್ನಾಲ್ಕು ತಿಂಗಳಲ್ಲಿಯೇ. ಔಷಧಿ ಸುರಿಯುವವರು, ಎಲ್ಲ ತೆಗೆದು ತೊಳೆದು ಹೊಸದಾಗಿ ಶುರುಮಾಡುವವರು ಇನ್ನೂ ಪಾಪ. ಅವರು ಮೊದಲ ದಿನಕ್ಕೆ ಮರಳುತ್ತಾರೆ, ಮತ್ತೆ ಅದೇ ಪುಂಡರಿಗೆ ಬಾಗಿಲು ತೆರೆಯುತ್ತಾರೆ. ಮಾಡಬೇಕಾದ್ದು ಕಡಿಮೆ: ಕೈಯಿಂದ ಕಿತ್ತು ತೆಗೆಯುವುದು, ನಾಲ್ಕಾರು ಬಸವನಹುಳು ಬಿಡುವುದು, ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸುವುದು.

ಮೀನು ಈ ನಡುವೆ ಬರುತ್ತದೆ, ಒಂದೇ ಜೋಡಿ. 55 ಲೀಟರಿಗೆ ಅದಕ್ಕಿಂತ ಹೆಚ್ಚು ಬೇಡ. ಹೊಸಬರಿಗೆ ಎಲ್ಲರೂ ಹೇಳುವುದು ಕ್ಲೌನ್ ಮೀನು, ಮಕ್ಕಳ ಬಾಯಲ್ಲಿ ನೀಮೋ. ಎಲ್ಲವೂ ಗಂಡಾಗಿಯೇ ಹುಟ್ಟಿ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡು ಆ ಜಾಗಕ್ಕೆ ಬಡ್ತಿ ಪಡೆಯುತ್ತದೆ. ಇವನ್ನು ಕಡಲಿನಿಂದ ಹಿಡಿದು ತರಬೇಕಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿಕೇಂದ್ರದಲ್ಲೇ ಬೆಳೆಸುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಒಣ ಆಹಾರಕ್ಕೂ ಗಾಜಿನ ಗೋಡೆಗೂ ಒಗ್ಗಿರುತ್ತದೆ. ಮೆದುಹವಳವೋ ಮತ್ತೊಂದೋ ಕೊಳ್ಳುವ ಮುನ್ನ ಅದು ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು, ಎಲ್ಲಿಂದ ಬಂತು ಎಂಬ ಕಾಗದ ಕೇಳಬೇಕು. ಕಾಗದವಿಲ್ಲ ಎಂದರೆ ಅಂಗಡಿಯಿಂದ ಹೊರಬರಬೇಕು.

ಮಾಗುತ್ತಿರುವ ತೊಟ್ಟಿಯ ರಸಾಯನವೂ ಬದಲಾಗುತ್ತದೆ. ಸುಣ್ಣದ ಮೈ ಕಟ್ಟುವ ಜೀವಿಗಳು ಬೆಳೆದಂತೆ ನೀರಿನ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಕಡಲನೀರಿನಲ್ಲಿ ಅದು ಲೀಟರಿಗೆ 400 ಮಿಲಿಗ್ರಾಂಗಿಂತ ತುಸು ಹೆಚ್ಚು. ನಮ್ಮ ತೊಟ್ಟಿಯಲ್ಲಿ ಎಲ್ಲ ಸೇರಿ 25 ಗ್ರಾಂ ದಾಟದು. 1970ರ ದಶಕದಲ್ಲಿ ಜರ್ಮನ್ ಹವ್ಯಾಸಿ ಪೀಟರ್ ವಿಲ್ಕೆನ್ಸ್ ಇದಕ್ಕೊಂದು ಅಗ್ಗದ ಉಪಾಯ ಹೇಳಿಕೊಟ್ಟರು. ಜರ್ಮನ್ನರು ಅದನ್ನು ಕಾಲ್ಕ್‌ವಾಸರ್ ಎನ್ನುತ್ತಾರೆ, ಜಗತ್ತಿನ ಹವ್ಯಾಸಿಗಳೂ ಹಾಗೆಯೇ ಕರೆಯುತ್ತಾರೆ. ಕನ್ನಡದಲ್ಲಿ ಅದು ಸುಣ್ಣದ ತಿಳಿ. ಶುದ್ಧ ಸುಣ್ಣವನ್ನು ನೀರಿನಲ್ಲಿ ಕದಡಿ, ಗಸಿ ಕೂತ ಮೇಲಿನ ತಿಳಿಯನ್ನು ರಾತ್ರಿಯ ಹೊತ್ತು ಹನಿಹನಿಯಾಗಿ ಬಿಡುವುದು. ನೀರಿನಲ್ಲಿರುವ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಅದು ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಹವಳ ಬಳಸುವ ಪ್ರಮಾಣದಲ್ಲೇ ಒದಗಿಸುತ್ತದೆ. ಒಮ್ಮೆಗೇ ಸುರಿದರೆ ಪಿಎಚ್ ಏರಿ ಎಲ್ಲವೂ ಸಾಯುತ್ತದೆ, ಏಕೆಂದರೆ ತಿಳಿಯ ಪಿಎಚ್ 12ಕ್ಕೂ ಮೇಲು. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ವೀಳ್ಯದೆಲೆಗೆ ಹಚ್ಚುತ್ತಿದ್ದರು. ಬರ್ಲಿನ್ನಿನ ತೊಟ್ಟಿಗಳಲ್ಲಿ ಹವಳಗಳು ಸುಣ್ಣದ ತಿಳಿ ಕುಡಿದು ಅದನ್ನು ಮತ್ತೆ ಕಲ್ಲಾಗಿಸಿದವು.

ಯುಗಾದಿಗೆ ನೀರು ತುಂಬಿದ ತೊಟ್ಟಿಯಾದರೆ, ಅಕ್ಷಯ ತದಿಗೆ ಕಳೆದ ಮೇಲೆ ಮೀನು, ಶ್ರಾವಣದವರೆಗೂ ಪಾಚಿಯ ಕಾಟ, ಚೌತಿಯ ಹೊತ್ತಿಗೆ ತುಸು ನಿರಾಳ. ದೀಪಾವಳಿಯ ಆಸುಪಾಸಿನಲ್ಲಿ ಒಂದು ದಿನ, ಗಾಜಿನ ಹಿಂಬದಿಯಲ್ಲೋ ಪಂಪಿನ ಮೈಮೇಲೋ, ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ ಕಾಣಿಸಬಹುದು. ಉಗುರಿನಿಂದ ಕೆರೆದರೆ ಏಳುವುದಿಲ್ಲ, ಸುಣ್ಣದಷ್ಟು ಗಟ್ಟಿ. ಅದು ಕೊರಲೈನ್ ಪಾಚಿ. ಹವಳದ ದಿಬ್ಬದ ಕಲ್ಲುಗಳನ್ನು ಒಂದಕ್ಕೊಂದು ಬೆಸೆಯುವ ಗಾರೆ ಇದೇ. ಹಳೆಯ ತೊಟ್ಟಿಯಿಂದ ತಂದ ಆ ಚೂರು ಕಲ್ಲಿನ ಮೇಲೋ ಬಸವನಹುಳುವಿನ ಚಿಪ್ಪಿನ ಮೇಲೋ ಕುಳಿತು ಬಂದಿರುತ್ತದೆ. ಕಂಡ ದಿನ ಗಾಜಿನ ಆ ಬದಿಯನ್ನು ಉಜ್ಜಬೇಡಿ.